ಮನೆ ವಿಸ್ತರಣೆಗೆ ಆರ್ಕಿಟೆಕ್ಟ್: ಆಯ್ಕೆಯಿಂದ ಕೊನೆಯ ಕಂತಿನವರೆಗೆ

ಮನೆಗೆ ಇನ್ನೊಂದು ಕೋಣೆ ಸೇರಿಸಬೇಕು, ಅಡುಗೆಮನೆ ದೊಡ್ಡದು ಮಾಡಬೇಕು, ಮೇಲೊಂದು ಮಹಡಿ ಏರಿಸಬೇಕು ಅಂದುಕೊಂಡವರೆಲ್ಲ ಕೇಳುವ ಪ್ರಶ್ನೆ ಒಂದೇ: ‘ಆರ್ಕಿಟೆಕ್ಟ್‌ಗೆ ಎಷ್ಟು ಫೀಸು ಕೊಡಬೇಕು?’ ಕೇಳಲೇಬೇಕಾದ ಪ್ರಶ್ನೆ, ಸರಿ. ಆದರೆ ಅದಕ್ಕೂ ಮೊದಲು ಇನ್ನೊಂದಿದೆ. ಆ ಫೀಸಿನೊಳಗೆ ಏನೇನು ಕೆಲಸ ಸೇರಿದೆ? ಒಬ್ಬರು ಪ್ಲಾನ್ ಬರೆದುಕೊಟ್ಟು ಅಲ್ಲಿಗೆ ಮುಗಿಸುತ್ತಾರೆ. ಇನ್ನೊಬ್ಬರು ಕೊನೆಯ ಬಣ್ಣ ಬಳಿಯುವವರೆಗೂ ಸೈಟಿಗೆ ಬರುತ್ತಾರೆ. ಇಬ್ಬರ ಫೀಸನ್ನೂ ಪಕ್ಕಪಕ್ಕ ಇಟ್ಟು ಯಾರು ಅಗ್ಗ ಅಂತ ನೋಡಿದರೆ ಲೆಕ್ಕ ತಪ್ಪುತ್ತದೆ. ಈ ಲೇಖನವನ್ನು ಆ ಕ್ರಮದಲ್ಲೇ ಬರೆದಿದ್ದೇನೆ: ಮೊದಲು ಕೆಲಸ, ಆಮೇಲೆ ದುಡ್ಡು.

1. ನಿಮಗೆ ಬೇಕಾದವರು ಯಾರು?

ಎಲ್ಲ ಕೆಲಸಕ್ಕೂ ಆರ್ಕಿಟೆಕ್ಟ್ ಬೇಕಿಲ್ಲ. ವರಾಂಡಕ್ಕೆ ಶೀಟು ಹಾಕಿಸಲು, ಹಳೆಯ ಬಾಗಿಲು ತೆಗೆದು ಅದೇ ಜಾಗದಲ್ಲಿ ಹೊಸದು ಕೂರಿಸಲು ಒಳ್ಳೆಯ ಮೇಸ್ತ್ರಿ ಸಾಕು. ಗೋಡೆ ಒಡೆಯುವುದು, ಭಾರ ಹೊರಿಸುವುದು, ಮಹಡಿ ಏರಿಸುವುದು ಅಂದಾಗ ಸ್ಟ್ರಕ್ಚರಲ್ ಎಂಜಿನಿಯರ್ ಬೇಕೇ ಬೇಕು. ಪಾಯ, ಕಂಬ, ತೊಲೆ ಎಷ್ಟು ಭಾರ ತಡೆಯುತ್ತವೆ ಅಂತ ಲೆಕ್ಕ ಹಾಕುವುದು ಅವರ ಕೆಲಸ. ಆರ್ಕಿಟೆಕ್ಟ್ ಕೆಲಸ ಬೇರೆ. ಜಾಗ, ಬೆಳಕು, ಗಾಳಿ, ಓಡಾಟ, ನಿಯಮ, ಖರ್ಚು ಇವೆಲ್ಲವನ್ನೂ ಒಟ್ಟಿಗೆ ಕೂರಿಸುವುದು.

ಮನೆ ವಿಸ್ತರಣೆಯಲ್ಲಿ ಆ ಕೆಲಸದ ಬೆಲೆ ತಿಳಿಯುವುದು ಹೊಸ ಕೋಣೆಯಲ್ಲಲ್ಲ, ಹಳೆಯ ಕೋಣೆಯಲ್ಲಿ. ಹಿಂದಿನ ಗೋಡೆಗೆ ಅಂಟಿಸಿ ಹೊಸ ಕೋಣೆ ಕಟ್ಟಿದಿರಿ ಅಂದುಕೊಳ್ಳಿ. ಆ ಗೋಡೆಯಲ್ಲಿದ್ದ ಕಿಟಕಿ ಮುಚ್ಚಿತು. ಇಷ್ಟು ದಿನ ಬೆಳಕಾಗಿದ್ದ ನಡುಮನೆ ಈಗ ಹಗಲಲ್ಲೂ ಲೈಟ್ ಹಾಕಬೇಕಾದ ಕತ್ತಲೆಕೋಣೆ. ಹೊಸ ಕೋಣೆಗೆ ಹೋಗಲು ಹಳೆಯ ಮಲಗುವ ಕೋಣೆಯನ್ನೇ ದಾಟಬೇಕಾಗಿ ಬಂದರೆ ಅದೂ ಓಣಿಯಾಯಿತು. ಒಂದು ಕೋಣೆ ಸೇರಿಸಿ ಎರಡು ಕೋಣೆ ಕೆಡಿಸಿಕೊಂಡ ಮನೆಗಳು ಬೇಕಾದಷ್ಟಿವೆ. ಒಳ್ಳೆಯ ಆರ್ಕಿಟೆಕ್ಟ್ ಮೊದಲ ಭೇಟಿಯಲ್ಲೇ ಈ ಬಗ್ಗೆ ಕೇಳುತ್ತಾರೆ. ಕೆಲವೊಮ್ಮೆ ‘ಕಟ್ಟುವುದೇ ಬೇಡ, ಈ ಒಂದು ಗೋಡೆ ಸರಿಸಿದರೆ ಸಾಕು’ ಅಂತಲೂ ಹೇಳುತ್ತಾರೆ. ಹಾಗೆ ಹೇಳುವವರು ಸಿಕ್ಕರೆ ಬಿಡಬೇಡಿ.

2. ಕರೆಯುವ ಮೊದಲು ಕೈಯಲ್ಲಿ ಇರಬೇಕಾದದ್ದು

ಮನೆಯ ಹಕ್ಕಿನ ಕಾಗದ, ಹಿಂದೆ ಮಂಜೂರಾದ ನಕ್ಷೆ, ಹಳೆಯ ಕಂಬ-ತೊಲೆಗಳ ನಕ್ಷೆ ಇವೆಲ್ಲ ಒಂದು ಫೈಲಿನಲ್ಲಿರಲಿ. ಕಟ್ಟಿದ್ದು ಮಂಜೂರಾದ ನಕ್ಷೆಯಂತೆ ಇಲ್ಲದಿದ್ದರೆ ಮುಚ್ಚಿಡಬೇಡಿ. ಹೊಸ ಅನುಮತಿಗೆ ಅರ್ಜಿ ಹಾಕಿದಾಗ ಅದು ಹೇಗೂ ಹೊರಬರುತ್ತದೆ. ಅಷ್ಟರಲ್ಲಿ ನೀವು ಅರ್ಧ ಫೀಸು ಕೊಟ್ಟಿರುತ್ತೀರಿ.

ಇನ್ನೊಂದು, ನಿಮ್ಮ ಬೇಡಿಕೆಯ ಪಟ್ಟಿ. ಇದನ್ನು ‘ಬ್ರೀಫ್’ ಅನ್ನುತ್ತಾರೆ. ‘12 ಅಡಿ ಅಗಲದ ಕೋಣೆ ಬೇಕು’ ಅಂತ ಬರೆಯಬೇಡಿ, ಅದು ಉತ್ತರ. ‘ಅಮ್ಮನಿಗೆ ಮೆಟ್ಟಿಲು ಹತ್ತಲು ಆಗುವುದಿಲ್ಲ, ಕೆಳಗೇ ಮಲಗಬೇಕು, ಬಚ್ಚಲು ಹತ್ತಿರ ಇರಬೇಕು’ ಅಂತ ಬರೆಯಿರಿ, ಅದು ಸಮಸ್ಯೆ. ಉತ್ತರ ಹುಡುಕುವುದಕ್ಕೇ ಅಲ್ವಾ ನೀವು ಇನ್ನೊಬ್ಬರನ್ನು ಕರೆಯುತ್ತಿರುವುದು? ಪಟ್ಟಿಯನ್ನು ಎರಡು ಭಾಗ ಮಾಡಿ: ಇಲ್ಲದಿದ್ದರೆ ಆಗುವುದೇ ಇಲ್ಲ ಅನ್ನುವಂಥವು, ಇದ್ದರೆ ಚೆನ್ನ ಅನ್ನುವಂಥವು. ದುಡ್ಡು ಸಾಲದೆ ಬಂದಾಗ ಏನನ್ನು ಬಿಡಬೇಕು ಅಂತ ಜಗಳವಾಗುವುದು ತಪ್ಪುತ್ತದೆ.

ಬಜೆಟ್ಟನ್ನು ನಿಜ ಹೇಳಿ. ಜಾಸ್ತಿ ಹೇಳಿದರೆ ಜಾಸ್ತಿ ಖರ್ಚು ಮಾಡಿಸುತ್ತಾರೆ ಅನ್ನುವ ಭಯಕ್ಕೆ ಅರ್ಧಕ್ಕಿಳಿಸಿ ಹೇಳುವವರಿದ್ದಾರೆ. ಆಗ ಅವರು ಅರ್ಧ ಬಜೆಟ್ಟಿನ ಮನೆಯನ್ನೇ ಯೋಚಿಸುತ್ತಾರೆ. ಆಮೇಲೆ ನೀವು ಒಂದೊಂದೇ ಸೇರಿಸುತ್ತಾ ಹೋದಂತೆ ಎಲ್ಲವನ್ನೂ ಮತ್ತೆ ಬರೆಯಬೇಕಾಗುತ್ತದೆ. ಕೈಯಲ್ಲಿರುವ ಒಟ್ಟು ದುಡ್ಡಿನಲ್ಲಿ ನೂರಕ್ಕೆ 10ರಿಂದ 15 ಭಾಗವನ್ನು ಅನಿರೀಕ್ಷಿತ ಖರ್ಚಿಗೆ ತೆಗೆದಿಟ್ಟು, ಉಳಿದದ್ದನ್ನು ಬಜೆಟ್ ಅಂತ ಹೇಳಿದರೆ ಸಾಕು. ಹಳೆಯ ಗೋಡೆ ಒಡೆದಾಗ, ನೆಲ ಅಗೆದಾಗ ಒಳಗೇನಿದೆ ಅಂತ ಯಾರಿಗೂ ಮೊದಲೇ ಗೊತ್ತಿರುವುದಿಲ್ಲ. ಹೊಸ ಮನೆಗಿಂತ ವಿಸ್ತರಣೆಯಲ್ಲಿ ಈ ಮೀಸಲು ಜಾಸ್ತಿ ಬೇಕಾಗುವುದು ಅದಕ್ಕೇ.

3. ಹುಡುಕುವುದು, ಪರೀಕ್ಷಿಸುವುದು

ಇಬ್ಬರು ಮೂವರನ್ನು ಭೇಟಿಯಾಗಿ. ಮೊದಲು ನೋಂದಣಿ ನೋಡಿ. ಹಲವು ದೇಶಗಳಲ್ಲಿ ಆರ್ಕಿಟೆಕ್ಟ್ ಅನ್ನುವ ಹೆಸರನ್ನು ಯಾರು ಬೇಕಾದರೂ ಹಾಕಿಕೊಳ್ಳುವಂತಿಲ್ಲ. ಭಾರತದಲ್ಲಿ 1972ರ ಆರ್ಕಿಟೆಕ್ಟ್ಸ್ ಕಾಯ್ದೆಯ ಪ್ರಕಾರ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ಹೆಸರು ನೋಂದಾಯಿಸಿರಬೇಕು. ಬ್ರಿಟನ್ನಿನಲ್ಲಿ ಆರ್ಕಿಟೆಕ್ಟ್ಸ್ ರಿಜಿಸ್ಟ್ರೇಷನ್ ಬೋರ್ಡ್ ಇದೆ. ಅಮೆರಿಕದಲ್ಲಿ ಆಯಾ ರಾಜ್ಯದ ಪರವಾನಗಿ ಬೇಕು. ನೋಂದಣಿ ಸಂಖ್ಯೆ ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಮಾಡಿಕೊಂಡರೆ ಅದೇ ಒಂದು ಉತ್ತರ. ‘ಬಿಲ್ಡಿಂಗ್ ಡಿಸೈನರ್’, ‘ಪ್ಲಾನರ್’ ಅಂತ ಬೋರ್ಡ್ ಹಾಕಿಕೊಂಡವರಲ್ಲೂ ಚೆನ್ನಾಗಿ ಕೆಲಸ ಮಾಡುವವರು ಇರುತ್ತಾರೆ. ಆದರೆ ಅವರು ಯಾರ ಸಹಿಯಲ್ಲಿ ಅರ್ಜಿ ಹಾಕುತ್ತಾರೆ ಅಂತ ತಿಳಿದುಕೊಳ್ಳಿ.

ಫೋಟೋ ನೋಡಿ ಮರುಳಾಗಬೇಡಿ. ಅವರು ಮಾಡಿದ ವಿಸ್ತರಣೆಯ ಕೆಲಸವನ್ನೇ, ಅದರಲ್ಲೂ ಮುಗಿದು ಎರಡು ಮೂರು ಮಳೆಗಾಲ ಕಂಡದ್ದನ್ನು ತೋರಿಸಲು ಹೇಳಿ. ಅಲ್ಲಿ ಹೊಸ ಗೋಡೆ ಹಳೆಯ ಗೋಡೆಗೆ ಸೇರುವ ಜಾಗ ನೋಡಿ. ಹಳೆಯ ಮನೆ ತನ್ನ ಪಾಯದ ಮೇಲೆ ಎಂದೋ ಕುಳಿತು ಗಟ್ಟಿಯಾಗಿರುತ್ತದೆ. ಹೊಸದು ಕಟ್ಟಿದ ಮೇಲೆ ಸ್ವಲ್ಪ ಇಳಿಯುತ್ತದೆ. ಎರಡನ್ನೂ ಬಿಗಿಯಾಗಿ ಬೆಸೆದರೆ ಸೇರುವ ಕಡೆ ಬಿರುಕು ಬರುತ್ತದೆ. ಅದಕ್ಕಾಗಿ ನಡುವೆ ಬೇಕೆಂದೇ ಒಂದು ಸಂದು ಬಿಟ್ಟು, ನೀರು ಇಳಿಯದಂತೆ ಮುಚ್ಚುವುದುಂಟು. ಚಾವಣಿ ಸೇರುವ ಕಡೆ ಒದ್ದೆ ಕಲೆ ಇದೆಯೇ ಅಂತಲೂ ನೋಡಿ. ಆ ಮನೆಯವರೊಡನೆ ಆರ್ಕಿಟೆಕ್ಟ್ ಎದುರಿಗಿಲ್ಲದಾಗ ಮಾತಾಡಿ. ‘ಚೆನ್ನಾಗಿದೆಯಾ?’ ಅಂತ ಕೇಳಬೇಡಿ, ಎಲ್ಲರೂ ಚೆನ್ನಾಗಿದೆ ಅನ್ನುತ್ತಾರೆ. ಮೊದಲು ಹೇಳಿದ ಖರ್ಚಿಗೂ ಕೊನೆಗೆ ಆದದ್ದಕ್ಕೂ ಎಷ್ಟು ವ್ಯತ್ಯಾಸವಾಯಿತು, ಕೆಲಸ ನಡೆಯುವಾಗ ಫೋನ್ ಎತ್ತುತ್ತಿದ್ದರೇ ಅಂತ ಕೇಳಿ.

ಆರ್ಕಿಟೆಕ್ಟ್‌ಗೆ ಕೇಳಬೇಕಾದವು: ನನ್ನ ನಕ್ಷೆ ಬರೆಯುವವರು ನೀವೋ, ಕಚೇರಿಯ ಬೇರೆಯವರೋ? ಸೈಟಿಗೆ ಯಾರು ಬರುತ್ತಾರೆ? ಹಿಂದೆ ಯಾವುದಾದರೂ ಸಣ್ಣ ಕೆಲಸಕ್ಕೆ ಕೊಟ್ಟ ನಕ್ಷೆಗಳ ಪೂರ್ತಿ ಕಟ್ಟು ತೋರಿಸುತ್ತೀರಾ? ಈ ಕೊನೆಯದು ತುಂಬ ಉಪಯುಕ್ತ. ಎರಡು ಹಾಳೆ ಕೊಡುವವರು ಯಾರು, ಕಿಟಕಿ ಚೌಕಟ್ಟಿನಿಂದ ನೀರಿನ ಕೊಳವೆಯವರೆಗೆ ಬರೆದುಕೊಡುವವರು ಯಾರು ಅಂತ ಕಣ್ಣಿಗೇ ಕಾಣುತ್ತದೆ.

ಒಂದು ಎಚ್ಚರಿಕೆ. ಮೂವರ ಹತ್ತಿರವೂ ‘ಒಂದು ಪ್ಲಾನ್ ಹಾಕಿಕೊಡಿ, ಇಷ್ಟವಾದರೆ ಮುಂದುವರಿಸೋಣ’ ಅಂತ ಪುಕ್ಕಟೆಯಾಗಿ ಕೇಳಬೇಡಿ. ಮನೆ ಅಳೆಯದೆ, ನಿಯಮ ನೋಡದೆ ಗೀಚಿಕೊಟ್ಟ ಪ್ಲಾನ್ ನಿಮ್ಮನ್ನು ಸೆಳೆಯುವುದಕ್ಕೆ ಮಾತ್ರ. ಅದರ ಬದಲು ಇಷ್ಟವಾದ ಒಬ್ಬರಿಗೆ ಸಣ್ಣ ಮೊತ್ತ ಕೊಟ್ಟು, ನಮ್ಮ ಜಾಗದಲ್ಲಿ ಏನು ಸಾಧ್ಯ, ಏನು ಸಾಧ್ಯವಿಲ್ಲ ಅಂತ ಎರಡು ಪುಟ ಬರೆಸಿಕೊಳ್ಳಿ. ಹೊಂದಾಣಿಕೆ ಆಗದಿದ್ದರೆ ಅಲ್ಲಿಗೇ ನಿಲ್ಲಿಸಬಹುದು. ಆ ಎರಡು ಪುಟ ಮುಂದೆ ಬರುವವರಿಗೂ ಉಪಯೋಗ.

4. ಕೆಲಸದ ವ್ಯಾಪ್ತಿ: ಇದನ್ನು ಬರೆಸಿಕೊಳ್ಳದೆ ಫೀಸು ಮಾತಾಡಬೇಡಿ

ಮನೆ ವಿಸ್ತರಣೆಯ ಕೆಲಸ ಸಾಮಾನ್ಯವಾಗಿ ಹೀಗೆ ಸಾಗುತ್ತದೆ:

ಅ) ಈಗಿರುವ ಮನೆಯನ್ನು ಅಳೆದು ನಕ್ಷೆ ಮಾಡುವುದು.
ಆ) ಪರಿಕಲ್ಪನೆ. ಎರಡು ಮೂರು ಬಗೆಯ ಸರಳ ಚಿತ್ರಗಳು.
ಇ) ಆಯ್ದ ಚಿತ್ರವನ್ನು ಅಳತೆ, ಸಾಮಗ್ರಿ, ಅಂದಾಜು ಖರ್ಚಿನೊಂದಿಗೆ ಬೆಳೆಸುವುದು.
ಈ) ಸ್ಥಳೀಯ ಆಡಳಿತದ ಅನುಮತಿಗೆ ನಕ್ಷೆ ಮತ್ತು ಅರ್ಜಿ.
ಉ) ಕೆಲಸದ ನಕ್ಷೆ, ಅಂದರೆ ವರ್ಕಿಂಗ್ ಡ್ರಾಯಿಂಗ್. ಕಟ್ಟುವವರು ಕೈಯಲ್ಲಿ ಹಿಡಿದು ಕೆಲಸ ಮಾಡುವ ಪೂರ್ತಿ ವಿವರದ ಹಾಳೆಗಳು.
ಊ) ಕಾಂಟ್ರ್ಯಾಕ್ಟರ್‌ಗಳಿಂದ ದರ ತರಿಸಿ, ಹೋಲಿಸಿ, ಆರಿಸಲು ನೆರವು.
ಎ) ಕಟ್ಟುವಾಗ ಸೈಟ್ ಭೇಟಿ, ಬಿಲ್ ಪರಿಶೀಲನೆ.

ಹೆಚ್ಚಿನ ತಕರಾರು ಹುಟ್ಟುವುದು ‘ಈ’ ಮತ್ತು ‘ಉ’ ನಡುವೆ. ಅನುಮತಿಯ ನಕ್ಷೆ ಕೈಗೆ ಬಂದ ಕೂಡಲೇ ಮನೆಯವರು ಪ್ಲಾನ್ ಸಿಕ್ಕಿತು ಅಂತ ಕೆಲಸ ಶುರುಮಾಡುತ್ತಾರೆ. ಆ ನಕ್ಷೆ ಅಧಿಕಾರಿಗಳಿಗಾಗಿ ಬರೆದದ್ದು. ಕಟ್ಟಡದ ಎತ್ತರ, ವಿಸ್ತೀರ್ಣ, ಸೆಟ್‌ಬ್ಯಾಕ್ ತೋರಿಸಲು ಅಷ್ಟು ಸಾಕು. ಸೆಟ್‌ಬ್ಯಾಕ್ ಅಂದರೆ ನಿವೇಶನದ ಗಡಿಯಿಂದ ಕಟ್ಟಡದವರೆಗೆ ಖಾಲಿ ಬಿಡಲೇಬೇಕಾದ ಜಾಗ. ಸ್ವಿಚ್ ಎಲ್ಲಿ, ಬಚ್ಚಲಿನ ನೆಲ ಎಷ್ಟು ತಗ್ಗು, ಹಳೆಯ ಚಾವಣಿಗೆ ಹೊಸದು ಹೇಗೆ ಸೇರಬೇಕು ಅನ್ನುವುದು ಅದರಲ್ಲಿ ಇರುವುದಿಲ್ಲ. ಇಲ್ಲದ ವಿವರಗಳನ್ನು ಸೈಟಿನಲ್ಲಿ ಕಾಂಟ್ರ್ಯಾಕ್ಟರ್ ತನಗೆ ಸುಲಭವಾದಂತೆ ತೀರ್ಮಾನಿಸುತ್ತಾನೆ. ‘ಕಡಿಮೆ ಫೀಸು’ ಅಂತ ಒಪ್ಪಿಕೊಂಡವರಿಗೆ ಎಷ್ಟೋ ಸಲ ಸಿಗುವುದು ಈ ಅನುಮತಿ ನಕ್ಷೆ ಮಾತ್ರ.

ಹಾಗಾಗಿ ಪ್ರತಿ ಹಂತದ ಎದುರಿಗೂ ಬರೆಸಿ: ಸೇರಿದೆಯೋ ಇಲ್ಲವೋ, ಸೇರಿದ್ದರೆ ಕೈಗೆ ಏನು ಸಿಗುತ್ತದೆ, ಎಷ್ಟು ಸಲ ತಿದ್ದಿಕೊಡುತ್ತಾರೆ, ಎಷ್ಟು ಸಲ ಸೈಟಿಗೆ ಬರುತ್ತಾರೆ. ‘ಅಗತ್ಯವಿದ್ದಾಗ ಬರುತ್ತೇವೆ’ ಅನ್ನುವ ಸಾಲನ್ನು ಒಪ್ಪಬೇಡಿ. ಯಾರಿಗೆ ಅಗತ್ಯ? ಪಾಯ ತೋಡಿದಾಗ, ಕಬ್ಬಿಣ ಕಟ್ಟಿ ಕಾಂಕ್ರೀಟ್ ಹಾಕುವ ಮೊದಲು, ಚಾವಣಿ ಹಾಕುವ ಮೊದಲು, ನೀರು ಮತ್ತು ವಿದ್ಯುತ್ ಕೊಳವೆಗಳನ್ನು ಮುಚ್ಚುವ ಮೊದಲು ಅಂತ ಹೆಸರು ಹಾಕಿ ಬರೆಸಿ.

ಫೀಸಿನಲ್ಲಿ ಸೇರಿರದ ಖರ್ಚುಗಳೂ ಉಂಟು. ಸ್ಟ್ರಕ್ಚರಲ್ ಎಂಜಿನಿಯರ್ ಫೀಸು, ಮಣ್ಣು ಪರೀಕ್ಷೆ, ಸರ್ವೆ, ಸರ್ಕಾರಿ ಶುಲ್ಕ, ಪ್ರಿಂಟು, ಪ್ರಯಾಣ, ತೆರಿಗೆ, ಕಂಪ್ಯೂಟರಿನ ತ್ರೀಡಿ ಚಿತ್ರಗಳು. ಯಾವುದು ಒಳಗೆ, ಯಾವುದು ಹೊರಗೆ? ಇಬ್ಬರು ಆರ್ಕಿಟೆಕ್ಟ್‌ಗಳ ದರ ಹೋಲಿಸಬೇಕಾದದ್ದು ಈ ಪಟ್ಟಿ ಕೈಗೆ ಬಂದ ಮೇಲೆ.

5. ಫೀಸಿನ ಲೆಕ್ಕ ಯಾವ ಬಗೆಯದು?

ಮುಖ್ಯವಾಗಿ ನಾಲ್ಕು ಬಗೆ.

ಶೇಕಡಾವಾರು: ಕಟ್ಟುವ ಖರ್ಚಿನಲ್ಲಿ ಇಂತಿಷ್ಟು ಪಾಲು. ಹೊಸ ಮನೆಗಿಂತ ವಿಸ್ತರಣೆಗೆ, ದೊಡ್ಡ ಕೆಲಸಕ್ಕಿಂತ ಸಣ್ಣದಕ್ಕೆ ಈ ಪಾಲು ಜಾಸ್ತಿಯೇ ಇರುತ್ತದೆ. ಹಳೆಯದನ್ನು ಅಳೆಯಬೇಕು, ಅದಕ್ಕೆ ಹೊಂದಿಸಬೇಕು, ಕೋಣೆ ಚಿಕ್ಕದಾದರೂ ಅರ್ಜಿ ಒಂದೇ. ಇಲ್ಲಿ ಕೇಳಬೇಕಾದದ್ದು, ಯಾವ ಖರ್ಚಿನ ಶೇಕಡಾವಾರು ಅಂತ. ಅಂದಾಜು 100 ಇದ್ದಾಗ ಫೀಸು ಶೇ 10 ಅಂದರೆ 10. ಕಟ್ಟುತ್ತಾ ಖರ್ಚು 130ಕ್ಕೆ ಏರಿದರೆ ಫೀಸು 13 ಆಗುತ್ತದೆಯೇ? ಕಬ್ಬಿಣ, ಸಿಮೆಂಟಿನ ದರ ಏರಿದ್ದಕ್ಕೂ ನೀವು ಜಾಸ್ತಿ ಫೀಸು ಕೊಡಬೇಕೇ? ನೀವೇ ಅಂಗಡಿಯಿಂದ ತಂದ ಟೈಲ್ಸ್, ನಲ್ಲಿಗಳ ಬೆಲೆ ಲೆಕ್ಕಕ್ಕೆ ಬರುತ್ತದೆಯೇ? ಇಬ್ಬರೂ ಒಪ್ಪಿದ ಅಂದಾಜಿನ ಮೇಲೆ ಫೀಸು ನಿಗದಿ ಮಾಡಿ, ಕೆಲಸದ ವಿಸ್ತಾರವೇ ಹೆಚ್ಚಾದಾಗ ಮಾತ್ರ ಏರಿಸುವುದು ನ್ಯಾಯ ಅನ್ನುವುದು ನನ್ನ ಅಭಿಪ್ರಾಯ.

ಇಡೀ ಮೊತ್ತ: ವ್ಯಾಪ್ತಿ ಸ್ಪಷ್ಟವಾಗಿದ್ದರೆ ಮನೆ ವಿಸ್ತರಣೆಗೆ ಇದೇ ಒಳ್ಳೆಯದು. ಎಷ್ಟು ಕೊಡಬೇಕು ಅಂತ ಮೊದಲೇ ಗೊತ್ತಿರುತ್ತದೆ. ತಿದ್ದುಪಡಿಗೆ ಮಿತಿ ಇರುತ್ತದೆ, ಮಿತಿ ದಾಟಿದರೆ ಹೆಚ್ಚುವರಿ ದರವನ್ನೂ ಮೊದಲೇ ಬರೆಸಿ.

ಗಂಟೆ ಲೆಕ್ಕ: ಸಲಹೆಗೆ, ಆರಂಭದ ಅಧ್ಯಯನಕ್ಕೆ ಸರಿ. ಇಡೀ ಕೆಲಸಕ್ಕಾದರೆ ‘ಇಷ್ಟಕ್ಕಿಂತ ಮೀರಬಾರದು’ ಅನ್ನುವ ಗೆರೆ ಇರಲಿ.

ಅಡಿ ಲೆಕ್ಕ: ಕೇಳಲು ಸುಲಭ, ವಿಸ್ತರಣೆಗೆ ಒಗ್ಗದು. ಒಂದು ಗೋಡೆ ಒಡೆದು ತೊಲೆ ಕೊಡುವ ಕೆಲಸಕ್ಕೆ ಚದರ ಅಡಿ ಎಷ್ಟು? ಸೊನ್ನೆ. ಆದರೂ ಅದೇ ಹೆಚ್ಚು ತಲೆ ಕೆಡಿಸುವ ಕೆಲಸ.

6. ಯಾವಾಗ ಎಷ್ಟು ಕೊಡಬೇಕು?

ದಿನಾಂಕ ನೋಡಿ ದುಡ್ಡು ಕೊಡಬೇಡಿ, ಕೈಗೆ ಬಂದ ಕೆಲಸ ನೋಡಿ ಕೊಡಿ. ಅಮೆರಿಕದಲ್ಲಿ ಬಹಳ ಕಾಲದಿಂದ ಬಳಕೆಯಲ್ಲಿರುವ ಒಂದು ಹಂಚಿಕೆ ಹೀಗಿದೆ: ಪರಿಕಲ್ಪನೆಗೆ ಶೇ 15, ವಿನ್ಯಾಸ ಬೆಳೆಸುವುದಕ್ಕೆ 20, ಕೆಲಸದ ನಕ್ಷೆಗಳಿಗೆ 40, ಕಾಂಟ್ರ್ಯಾಕ್ಟರ್ ಆಯ್ಕೆಗೆ 5, ಕಟ್ಟುವಾಗಿನ ನಿಗಾಕ್ಕೆ 20. ಇದನ್ನೇ ಅನುಸರಿಸಬೇಕು ಅಂತಿಲ್ಲ. ಎರಡು ಸಂಗತಿ ಗಮನಿಸಿ ಸಾಕು. ಎಲ್ಲಕ್ಕಿಂತ ದೊಡ್ಡ ಪಾಲು ಕೆಲಸದ ನಕ್ಷೆಗಳಿಗಿದೆ. ಇಟ್ಟಿಗೆ ಇಡುವ ಹೊತ್ತಿಗೂ ಐದರಲ್ಲೊಂದು ಪಾಲು ಬಾಕಿ ಇರುತ್ತದೆ. ಪಾಯ ತೋಡುವ ಮೊದಲೇ ಪೂರ್ತಿ ಫೀಸು ಕೇಳಿದರೆ ಒಪ್ಪಬೇಡಿ. ಆಮೇಲೆ ಸೈಟಿಗೆ ಕರೆಸಿಕೊಳ್ಳಲು ನಿಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಆರಂಭದಲ್ಲಿ ಮುಂಗಡ ಕೇಳುವುದು ಸಹಜ. ಅದು ಮುಂದಿನ ಕಂತಿನಲ್ಲಿ ಕಳೆಯುವ ಮುಂಗಡವೋ, ಬೇರೆ ಫೀಸೋ ಅಂತ ಬರೆಸಿ. ಎಲ್ಲ ಕಂತನ್ನೂ ಬ್ಯಾಂಕಿನ ಮೂಲಕ ಕೊಡಿ, ರಸೀದಿ ತೆಗೆದುಕೊಳ್ಳಿ. ಹಂತ ಮುಗಿದ ಮೇಲೆ ಎಳೆದಾಡದೆ ಕೊಟ್ಟುಬಿಡಿ. ಕಂತು ತಡವಾದರೆ ಮುಂದಿನ ನಕ್ಷೆ ತಡವಾಗುತ್ತದೆ, ಅದಕ್ಕಾಗಿ ಕಾಂಟ್ರ್ಯಾಕ್ಟರ್ ಆಳುಗಳು ಕಾಯುತ್ತಾರೆ, ಕೊನೆಗೆ ಆ ಖರ್ಚೂ ನಿಮ್ಮ ಮೇಲೇ.

ಅನುಮತಿ ಸಿಗದಿದ್ದರೆ? ಅನುಮತಿ ಕೊಡುವುದು ಆರ್ಕಿಟೆಕ್ಟ್ ಕೈಯಲ್ಲಿಲ್ಲ, ಅರ್ಜಿ ಸರಿಯಾಗಿ ಹಾಕುವುದು ಮಾತ್ರ ಅವರ ಹೊಣೆ. ಆದರೆ ಅವರ ನಕ್ಷೆಯ ತಪ್ಪಿನಿಂದ ವಾಪಸ್ ಬಂದರೆ ತಿದ್ದಿಕೊಡಲು ಹೆಚ್ಚುವರಿ ಫೀಸು ಇಲ್ಲ ಅಂತ ಕರಾರಿನಲ್ಲಿ ಇರಲಿ.

7. ಕರಾರು ಪತ್ರ

ಪರಿಚಯದವರು, ಬಂಧುಗಳು ಅಂತ ಬಾಯಿಮಾತಿನಲ್ಲಿ ಬಿಡಬೇಡಿ. ಪರಿಚಯದವರಾದರೆ ಬರಹ ಇನ್ನೂ ಜಾಸ್ತಿ ಬೇಕು, ಜಗಳವಾದರೆ ಸಂಬಂಧವೂ ಕೆಡುತ್ತದೆ. ವ್ಯಾಪ್ತಿ, ಫೀಸು, ಕಂತು, ಪ್ರತಿ ಹಂತಕ್ಕೆ ಹಿಡಿಯುವ ಕಾಲ, ಇವು ಸರಿ. ಜನ ಮರೆಯುವಂಥವು ಇನ್ನೂ ಮೂರಿವೆ.

ಒಂದು, ನಡುವೆ ಬಿಡುವುದು. ನಿಮಗೆ ದುಡ್ಡು ಸಾಲದೆ ಹೋಗಬಹುದು, ಅವರಿಗೆ ಮುಂದುವರಿಸಲು ಆಗದಿರಬಹುದು. ಎಷ್ಟು ದಿನ ಮೊದಲು ತಿಳಿಸಬೇಕು, ಅಲ್ಲಿಯವರೆಗಿನ ಕೆಲಸಕ್ಕೆ ಹೇಗೆ ಲೆಕ್ಕ ಅನ್ನುವುದು ಬೇಕು.

ಎರಡು, ನಕ್ಷೆಯ ಹಕ್ಕು. ನೀವು ದುಡ್ಡು ಕೊಟ್ಟ ಮಾತ್ರಕ್ಕೆ ನಕ್ಷೆ ನಿಮ್ಮದಾಗುವುದಿಲ್ಲ. ಹೆಚ್ಚಿನ ದೇಶಗಳಲ್ಲಿ ಬೇರೆ ಒಪ್ಪಂದ ಇಲ್ಲದಿದ್ದರೆ ಕಾಪಿರೈಟ್ ಆರ್ಕಿಟೆಕ್ಟ್ ಬಳಿಯೇ ಉಳಿಯುತ್ತದೆ. ನಿಮಗೆ ಸಿಗುವುದು ಆ ಜಾಗದಲ್ಲಿ ಅದರಂತೆ ಕಟ್ಟುವ ಅನುಮತಿ. ಕಾಪಿರೈಟ್ ಬೇಕು ಅಂತ ಹಟ ಹಿಡಿಯಬೇಡಿ. ‘ಫೀಸು ಕೊಟ್ಟ ಹಂತದವರೆಗಿನ ನಕ್ಷೆಗಳನ್ನು, ಆರ್ಕಿಟೆಕ್ಟ್ ಬದಲಾದರೂ, ಇದೇ ಮನೆಗೆ ಬಳಸಬಹುದು, ಕಂಪ್ಯೂಟರ್ ಫೈಲುಗಳನ್ನೂ ಕೊಡುತ್ತಾರೆ’ ಅನ್ನುವ ಒಂದು ಸಾಲು ಸಾಕು.

ಮೂರು, ಕಮಿಷನ್. ಟೈಲ್ಸ್, ಕಿಟಕಿ, ಪೈಂಟ್ ಮಾರುವವರಿಂದ ಅಥವಾ ಕಾಂಟ್ರ್ಯಾಕ್ಟರ್‌ನಿಂದ ಏನೂ ಪಡೆಯುವುದಿಲ್ಲ ಅಂತ ಬರೆಸಿಕೊಳ್ಳಿ. ಫೀಸು ಅನುಮಾನ ಬರುವಷ್ಟು ಕಡಿಮೆ ಇದ್ದರೆ ಉಳಿದದ್ದು ಎಲ್ಲಿಂದ ಬರುತ್ತದೆ ಅಂತ ಯೋಚಿಸಬೇಕಾಗುತ್ತದೆ.

ವೃತ್ತಿ ವಿಮೆ ಇದೆಯೇ ಅಂತಲೂ ಕೇಳಿ. ವಿನ್ಯಾಸದ ತಪ್ಪಿನಿಂದ ನಿಮಗೆ ನಷ್ಟವಾದರೆ ಪರಿಹಾರ ಕೊಡುವ ವಿಮೆ ಅದು.

8. ಬದಲಾಯಿಸುವುದಿದ್ದರೆ ಹಾಳೆಯ ಮೇಲೆ

ಪರಿಕಲ್ಪನೆಯ ಚಿತ್ರ ಬಂದಾಗ ಮನೆಯವರೆಲ್ಲ ಕುಳಿತು ನೋಡಿ. ನಕ್ಷೆ ಓದಲು ಕಷ್ಟವಾದರೆ ಹೇಳಿ, ಸುಮ್ನೆ ತಲೆಯಾಡಿಸಬೇಡಿ. ಅಂಗಳದಲ್ಲಿ ಸುಣ್ಣದ ಗೆರೆ ಎಳೆಸಿ ಹೊಸ ಕೋಣೆಯ ಅಳತೆ ನೋಡಿ. ಮಂಚ, ಬೀರು ಎಲ್ಲಿ ಬರುತ್ತವೆ, ಬಾಗಿಲು ಯಾವ ಕಡೆ ತೆರೆಯುತ್ತದೆ ಅಂತ ಅಲ್ಲೇ ನಿಂತು ನೋಡಿ. ಒಪ್ಪಿಗೆಯನ್ನು ಬರಹದಲ್ಲಿ ಕೊಡಿ. ಕೆಲಸದ ನಕ್ಷೆ ಶುರುವಾದ ಮೇಲೆ ಬದಲಾಯಿಸಿದರೆ ಹೆಚ್ಚುವರಿ ಫೀಸು, ಗೋಡೆ ಎದ್ದ ಮೇಲೆ ಬದಲಾಯಿಸಿದರೆ ಒಡೆಯುವ ಕೂಲಿಯೂ ಸೇರುತ್ತದೆ.

ಹೊಸ ಪಾಯದ ಕೆಳಗೆ ಹಳೆಯ ಒಳಚರಂಡಿ ಕೊಳವೆ ಹೋಗಿದೆಯೇ? ಈ ಪ್ರಶ್ನೆ ನೀವೇ ಕೇಳಿ. ಅನುಮತಿ ಬಂದ ಮೇಲೆ ಗೊತ್ತಾದರೆ ಅರ್ಧ ವಿನ್ಯಾಸ ಮತ್ತೆ ಮಾಡಬೇಕಾಗುತ್ತದೆ.

9. ಕಟ್ಟುವಾಗ

ಕಾಂಟ್ರ್ಯಾಕ್ಟರ್‌ಗೆ ದುಡ್ಡು ನೀವೇ ಕೊಡಿ, ಆರ್ಕಿಟೆಕ್ಟ್ ಮೂಲಕ ಬೇಡ. ಬಿಲ್ಲಿನಲ್ಲಿ ಬರೆದಷ್ಟು ಕೆಲಸ ನಿಜಕ್ಕೂ ಆಗಿದೆಯೇ ಅಂತ ನೋಡಿ ಸಹಿ ಮಾಡುವುದು ಆರ್ಕಿಟೆಕ್ಟ್ ಕೆಲಸ, ಆ ಸಹಿ ನೋಡಿ ದುಡ್ಡು ಕೊಡುವುದು ನಿಮ್ಮ ಕೆಲಸ. ಪ್ರತಿ ಬಿಲ್ಲಿನಲ್ಲೂ ಸಣ್ಣ ಪಾಲು, ಸಾಮಾನ್ಯವಾಗಿ ಶೇ 5ರಷ್ಟು, ತಡೆಹಿಡಿಯುವ ಪದ್ಧತಿಯಿದೆ. ಇದಕ್ಕೆ ರಿಟೆನ್ಷನ್ ಅನ್ನುತ್ತಾರೆ. ಅರ್ಧವನ್ನು ಕೆಲಸ ಮುಗಿದಾಗ, ಉಳಿದರ್ಧವನ್ನು ಆರು ತಿಂಗಳೋ ವರ್ಷವೋ ಕಳೆದು ದೋಷಗಳನ್ನು ಸರಿಪಡಿಸಿದ ಮೇಲೆ ಕೊಡುವುದು ವಾಡಿಕೆ.

ಸೈಟಿನಲ್ಲಿ ಮೇಸ್ತ್ರಿಗೆ ನೇರವಾಗಿ ‘ಇಲ್ಲೊಂದು ಕಿಟಕಿ ಇಡು’ ಅಂತ ಹೇಳಬೇಡಿ. ಆ ಜಾಗದ ಗೋಡೆಯ ಮೇಲೆ ತೊಲೆ ಕೂತಿರಬಹುದು. ಏನೇ ಇದ್ದರೂ ಆರ್ಕಿಟೆಕ್ಟ್‌ಗೆ ತಿಳಿಸಿ, ಅವರು ಖರ್ಚು ಮತ್ತು ಸಮಯದ ವ್ಯತ್ಯಾಸ ಬರೆದು ಕಳಿಸಲಿ, ನೀವು ಒಪ್ಪಿದ ಮೇಲೆ ಕೆಲಸವಾಗಲಿ. ಈ ಮೂರು ಸಾಲಿನ ಸಂದೇಶಗಳನ್ನೆಲ್ಲ ಉಳಿಸಿಕೊಳ್ಳಿ, ಕೊನೆಯ ಬಿಲ್ ಬಂದಾಗ ಬೇಕಾಗುತ್ತವೆ.

ಆರ್ಕಿಟೆಕ್ಟ್ ದಿನವೂ ನಿಂತು ನೋಡುವುದಿಲ್ಲ. ಆಗಾಗ ಬಂದು ನಕ್ಷೆಯಂತೆ ನಡೆಯುತ್ತಿದೆಯೇ ಅಂತ ನೋಡುತ್ತಾರೆ, ಅಷ್ಟೇ. ದಿನದ ಉಸ್ತುವಾರಿ ಬೇಕಿದ್ದರೆ ಸೈಟ್ ಸೂಪರ್‌ವೈಸರ್ ಬೇರೆ, ಅವರ ಸಂಬಳವೂ ಬೇರೆ.

10. ಕೊನೆಯ ಕಂತು

ಕೊನೆಯ ಕಂತು ಕೊಡುವ ಮೊದಲು ಆರ್ಕಿಟೆಕ್ಟ್ ಜೊತೆ ಮನೆಯೆಲ್ಲ ಸುತ್ತಿ ದೋಷಗಳ ಪಟ್ಟಿ ಮಾಡಿ: ಸರಿಯಾಗಿ ಮುಚ್ಚದ ಬಾಗಿಲು, ನೀರು ನಿಲ್ಲುವ ಬಚ್ಚಲು, ಬಣ್ಣ ಬಿಟ್ಟುಹೋದ ಮೂಲೆ. ಚಾವಣಿಯ ಮೇಲೆ ನೀರು ನಿಲ್ಲಿಸಿ, ಹಳೆಯದು ಹೊಸದು ಸೇರುವ ಕಡೆ ಸೋರುತ್ತದೆಯೇ ನೋಡಿ. ಕೈಗೆ ಬರಬೇಕಾದ ಕಾಗದಗಳು: ನಿಜವಾಗಿ ಕಟ್ಟಿದಂತೆ ತಿದ್ದಿದ ನಕ್ಷೆ, ಎಂಜಿನಿಯರ್ ಸಹಿಯಿರುವ ಕಂಬ-ತೊಲೆ ನಕ್ಷೆ, ಗೋಡೆಯೊಳಗಿನ ನೀರು ಮತ್ತು ವಿದ್ಯುತ್ ಕೊಳವೆಗಳ ನಕ್ಷೆ, ಕಟ್ಟಡ ಪೂರ್ಣಗೊಂಡಿದೆ ಅನ್ನುವ ಸ್ಥಳೀಯ ಆಡಳಿತದ ಪ್ರಮಾಣಪತ್ರಕ್ಕೆ ಬೇಕಾದ ದಾಖಲೆ, ಪಂಪು ಮತ್ತು ನೀರು ಸೋರದ ಲೇಪನದ ಗ್ಯಾರಂಟಿ ಚೀಟಿ. ಪ್ಲಾಸ್ಟರ್ ಮುಚ್ಚುವ ಮೊದಲು ಗೋಡೆಗಳ ಫೋಟೋ ತೆಗೆದಿಟ್ಟಿದ್ದರೆ ಅವನ್ನೂ ಇದೇ ಫೈಲಿಗೆ ಸೇರಿಸಿ. ಪಟ್ಟಿಯ ದೋಷಗಳು ಸರಿಯಾದವು, ಕಾಗದಗಳೆಲ್ಲ ಬಂದವು ಅಂತಾದ ದಿನವೇ ಆರ್ಕಿಟೆಕ್ಟ್ ಬಾಕಿ ಕೊಟ್ಟುಬಿಡಿ. ಕಾಂಟ್ರ್ಯಾಕ್ಟರ್‌ನ ಕೊನೆಯ ರಿಟೆನ್ಷನ್ ಬಿಡುವ ಮುಂಚೆ ಆರ್ಕಿಟೆಕ್ಟ್ ಇನ್ನೊಮ್ಮೆ ಬಂದು ನೋಡಬೇಕು; ಆ ಭೇಟಿಯೂ ಫೀಸಿನೊಳಗೆ ಸೇರಿದೆಯೇ ಅಂತ ಕೆಲಸದ ವ್ಯಾಪ್ತಿ ಬರೆಸಿಕೊಳ್ಳುವಾಗಲೇ ಕೇಳಿರಬೇಕು.